‘ಸರಿ’ ಎನ್ನುವ ಮೊದಲು ತಿರುಗಿ ಹೇಳೋಣ

ನಮ್ಮಲ್ಲಿ ಹಲವರ ಮನೆಯಿಂದ ಯಾರಾದರೊಬ್ಬರು ಗಲ್ಫ್‌ಗೆ ದುಡಿಯಲು ಅಥವಾ ಉಮ್ರಾಕ್ಕೆ ವಿಮಾನ ಹತ್ತಿದ್ದಾರೆ. ವಿಮಾನ ಕ್ಷೇಮವಾಗಿ ಇಳಿದರೆ ಪೈಲಟ್‌ನನ್ನು ಹೊಗಳುತ್ತೇವೆ. ನೆಲದಲ್ಲಿ ಕುಳಿತು ಅದಕ್ಕೆ ದಾರಿ ತೋರಿಸಿದ ವಾಯು ಸಂಚಾರ ನಿಯಂತ್ರಕರು ನಮಗೆ ನೆನಪಾಗುವುದಿಲ್ಲ. ಅವರ ಒಂದು ಅಭ್ಯಾಸ ನಮ್ಮ ತರಗತಿಗೂ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಟವರ್‌ನಲ್ಲಿರುವವರು ರನ್‌ವೇ ನೋಡಿಕೊಳ್ಳುತ್ತಾರೆ. ನಿಲ್ದಾಣದ ಸುತ್ತ ಏರುವ, ಇಳಿಯುವ ವಿಮಾನಗಳಿಗೆ ಒಂದು ವಿಭಾಗ, ದೂರದ ಮಾರ್ಗದಲ್ಲಿರುವವಕ್ಕೆ ಇನ್ನೊಂದು. ಎದುರುಬದುರಾಗುವ ವಿಮಾನಗಳ ನಡುವೆ ಸಾಮಾನ್ಯವಾಗಿ 1,000 ಅಡಿ ಎತ್ತರದ ಅಂತರವಿಡುತ್ತಾರೆ. ಎತ್ತರ ಹೇಳಿದಾಗ ಪೈಲಟ್ ಬರೀ ‘ಸರಿ’ ಎನ್ನುವಂತಿಲ್ಲ. ಆ ಅಂಕಿಯನ್ನೇ ತಿರುಗಿ ಹೇಳಬೇಕು. ತಪ್ಪಿದ್ದರೆ ನಿಯಂತ್ರಕರು ಅಲ್ಲೇ ತಿದ್ದುತ್ತಾರೆ. ಇದೇ ರೀಡ್‌ಬ್ಯಾಕ್.

ಆದರೆ ತಿರುಗಿ ಹೇಳಿದರಷ್ಟೇ ಸಾಲದು, ಅರ್ಥವೂ ಆಗಿರಬೇಕು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಿಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನರೂ ಸತ್ತರು. ಅವರಲ್ಲಿ ದುಡಿಯಲು ಹೊರಟಿದ್ದ ಅನೇಕ ಭಾರತೀಯರಿದ್ದರು. ಕಜಕ್ ವಿಮಾನಕ್ಕೆ 15,000 ಅಡಿ, ಸೌದಿ ವಿಮಾನಕ್ಕೆ 14,000 ಅಡಿ ಎಂದು ದೆಹಲಿಯ ನಿಯಂತ್ರಕರು ಸರಿಯಾಗಿಯೇ ಹೇಳಿದ್ದರು. ಕಜಕ್ ವಿಮಾನ ಅದಕ್ಕಿಂತ ಕೆಳಗಿಳಿಯಿತು. ಅದರ ಪೈಲಟ್‌ಗಳಿಗೆ ಇಂಗ್ಲಿಷ್ ಸಾಕಷ್ಟು ಬರುತ್ತಿರಲಿಲ್ಲ ಎಂಬುದನ್ನು ತನಿಖಾ ಆಯೋಗ ಕಾರಣಗಳಲ್ಲಿ ಒಂದಾಗಿ ಗುರುತಿಸಿತು.

ಈಗ ನಮ್ಮ ತರಗತಿ ನೋಡಿ. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ‘ಹೌದು ಸರ್’ ಎನ್ನುತ್ತೇವೆ. ಹತ್ತನೆಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿ ಬಂದವರಿಗೆ ಇಂಗ್ಲಿಷ್ ಪಾಠ ಮೊದಮೊದಲು ಕಷ್ಟವೇ. ಆದರೂ ಯಾರಾದರೂ ‘ಮತ್ತೊಮ್ಮೆ ಹೇಳಿ’ ಎಂದರೆ ಹಿಂದಿನ ಬೆಂಚಿನಿಂದ ನಗು ಕೇಳುತ್ತದೆ. ವಿಮಾನದಲ್ಲಿ ಅದೇ ಮಾತು ಜೀವ ಉಳಿಸುತ್ತದೆ.

ಪ್ರತಿ ಪಾಠದ ಕೊನೆಗೆ ಐದು ನಿಮಿಷ ಒಬ್ಬ ವಿದ್ಯಾರ್ಥಿ ಅದನ್ನು ತನ್ನ ಮಾತಿನಲ್ಲಿ ಹೇಳಲಿ. ಉಪನ್ಯಾಸಕರು ಅಲ್ಲೇ ತಿದ್ದಲಿ. ಸಿಲಬಸ್ ಮುಗಿಯುವುದಿಲ್ಲ ಎನ್ನಬಹುದು. ಅರ್ಥವಾಗದೆ ಮುಗಿದ ಸಿಲಬಸ್‌ನಿಂದ ಯಾರಿಗೆ ಲಾಭ?

ವಿಜ್ಞಾನ ವಿಭಾಗದ ಗೆಳೆಯ ಗೆಳತಿಯರಿಗೆ ಇನ್ನೊಂದು ಮಾತು. ಭೌತಶಾಸ್ತ್ರ, ಗಣಿತದೊಂದಿಗೆ ಬಿಎಸ್ಸಿ ಅಥವಾ ಇಂಜಿನಿಯರಿಂಗ್ ಓದಿದವರನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಪರೀಕ್ಷೆ ನಡೆಸಿ ಈ ಕೆಲಸಕ್ಕೆ ಆರಿಸುತ್ತದೆ. ವೈದ್ಯ, ಇಂಜಿನಿಯರ್ ಎರಡೇ ದಾರಿಯಲ್ಲ. ಕೇಳಿ, ತಿಳಿದು, ಸ್ಪಷ್ಟವಾಗಿ ಹೇಳುವ ಅಭ್ಯಾಸವನ್ನು ಮಾತ್ರ ಇಂದಿನಿಂದಲೇ ಶುರು ಮಾಡಬೇಕು.