ಅಂಕಿತ, ಕೀಲಿಪದ, ಶೋಧಯಂತ್ರ: ನಾಲ್ಕು ತಾಲೂಕುಗಳ ನೆಲೆಯಿಂದ

2021ರ ಜೂನ್ ತಿಂಗಳ ಮೊದಲ ವಾರದಲ್ಲಿ ಕನ್ನಡಿಗರನ್ನು ಕೆರಳಿಸಿದ ಘಟನೆಯೊಂದನ್ನು ನಮ್ಮ ಕನ್ನಡ ವಿಭಾಗಗಳು ಬಹುಬೇಗ ಮರೆತವು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಶೋಧಯಂತ್ರವು 'ಕನ್ನಡ' ಎಂಬ ಉತ್ತರವನ್ನು ಪುಟದ ನೆತ್ತಿಯ ಮೇಲಿಟ್ಟು ತೋರಿಸಿತು. ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಎಚ್ಚರಿಕೆ ನೀಡಿದರು. ಸಂಸ್ಥೆಯು ಕ್ಷಮೆ ಕೋರಿ ಆ ಉತ್ತರವನ್ನು ತೆಗೆದುಹಾಕಿತು. ಅಭಿಮಾನದ ಪ್ರಶ್ನೆ ಅಲ್ಲಿಗೆ ಮುಗಿಯಿತು. ವಿದ್ವತ್ತಿನ ಪ್ರಶ್ನೆ ಮುಗಿಯಲಿಲ್ಲ. ಆ ಉತ್ತರ ಬಂದದ್ದು ಯಾವ ಭಾಷಾವಿಜ್ಞಾನಿಯ ಬರಹದಿಂದಲೂ ಅಲ್ಲ. ಸಾಲ ತೀರಿಕೆಯ ಹೆಸರು ಹೊತ್ತ ಜಾಲತಾಣವೊಂದರ ಪುಟದಿಂದ. ಸಾಲಕ್ಕೂ ಭಾಷೆಯ ಸೌಂದರ್ಯಕ್ಕೂ ಏನು ಸಂಬಂಧ? ಇಂತಹ ಪುಟಗಳು ಹುಟ್ಟುವ ಬಗೆ ಈಗ ಗುಟ್ಟಾಗಿ ಉಳಿದಿಲ್ಲ. ಜನ ಏನನ್ನು ಕೇಳಬಹುದೆಂದು ಊಹಿಸಿ, ಆ ಪ್ರಶ್ನೆಯ ಮಾತುಗಳನ್ನೇ ಶೀರ್ಷಿಕೆಯಾಗಿಸಿ, ಅದರ ಕೆಳಗೆ ಏನಾದರೊಂದು ಉತ್ತರವನ್ನು ಬರೆದು, ಬಂದ ಓದುಗನ ಗಮನವನ್ನು ಜಾಹೀರಾತುದಾರನಿಗೆ ಮಾರುವ ಉದ್ಯಮವೊಂದು ಲೋಕದಾದ್ಯಂತ ಬೆಳೆದಿದೆ. ಶೋಧಯಂತ್ರಕ್ಕೆ ಒಗ್ಗುವಂತೆ ಬರಹವನ್ನು ಸಜ್ಜುಗೊಳಿಸುವ ಈ ಕೆಲಸಕ್ಕೆ ಎಸ್‌ಇಒ ಎಂದು ಹೆಸರು.

ಹೆಸರೊಂದನ್ನು ಮುಂದಿಟ್ಟು ಬರಹವನ್ನು ಚಲಾವಣೆಗೆ ತರುವುದು ಕನ್ನಡಕ್ಕೆ ಹೊಸದೇನೂ ಅಲ್ಲ. ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯೊಂದಿಗೆ ಪರಂಪರೆಯು ಜೋಡಿಸಿರುವ ಸರ್ವಜ್ಞನ ಉದಾಹರಣೆಯನ್ನೇ ನೋಡಬಹುದು. ತ್ರಿಪದಿಯ ಕೊನೆಗೆ 'ಸರ್ವಜ್ಞ' ಎಂಬ ಅಂಕಿತ ಬಿದ್ದೊಡನೆ ಅದಕ್ಕೆ ಊರೂರು ತಿರುಗುವ ರಹದಾರಿ ದೊರೆಯುತ್ತಿತ್ತು. ಆದ್ದರಿಂದಲೇ ಅನಾಮಧೇಯರು ಅನೇಕರು ತಮ್ಮ ಮಾತಿಗೂ ಆ ಅಂಕಿತವನ್ನು ಅಂಟಿಸಿದರು. ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸರ್ವಜ್ಞನ ವಚನಗಳ ಸಂಪಾದನೆಯನ್ನು ಹೊರತಂದ ದಿನದಿಂದ ಇಂದಿನವರೆಗೂ ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂಬ ಚರ್ಚೆ ನಿಂತಿಲ್ಲ. ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರ ಹಾಡುಗಳ ಪಾಠಾಂತರಗಳಲ್ಲಿಯೂ ಇದೇ ಬಗೆಯ ತೊಡಕುಗಳಿವೆ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಅಂಕಿತವೇ ಆ ಕಾಲದ ಕೀಲಿಪದ.

ಆದರೆ ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಸರ್ವಜ್ಞನ ಹೆಸರಿನಲ್ಲಿ ಹಾಡು ಕಟ್ಟಿದವನು ತನ್ನ ಹೆಸರನ್ನು ಕಳೆದುಕೊಂಡ. ಅವನಿಗೆ ದಕ್ಕಿದ್ದು ಕೇಳುಗನೊಬ್ಬನೇ. ಸರ್ವಜ್ಞನ ಹೆಸರಿನಲ್ಲಿ ಪುಟ ಕಟ್ಟುವ ಇಂದಿನ ಕಸುಬುದಾರನಿಗೆ ಕೇಳುಗ ಬೇಕಿಲ್ಲ, ಕೇಳುಗನ ಒಂದು ಕ್ಲಿಕ್ ಸಾಕು. ಮೊದಲನೆಯದು ಪಾಠವನ್ನು ಕಲಕಿತು, ಆದರೂ ಪರಂಪರೆಗೆ ಏನನ್ನಾದರೂ ಸೇರಿಸಿತು. ಎರಡನೆಯದು ಒಂದೇ ಹತ್ತು ಸಾಲುಗಳನ್ನು ನೂರು ಕಡೆ ನಕಲು ಮಾಡುತ್ತದೆ. ಆ ನಕಲುಗಳ ಸಂಖ್ಯೆಯನ್ನೇ ಪ್ರಮಾಣವೆಂದು ಬಗೆದು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಸೆಮಿನಾರ್ ಪ್ರಬಂಧ ಬರೆಯುವುದು ಅಧ್ಯಾಪಕರೆಲ್ಲರೂ ಕಂಡ ಸಂಗತಿ.

ಶೋಧಯಂತ್ರವು ಪುಟಗಳಿಗೆ ಸ್ಥಾನ ನೀಡುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿಗಳಾಗಿದ್ದ ಸರ್ಗೆ ಬ್ರಿನ್ ಮತ್ತು ಲಾರೆನ್ಸ್ ಪೇಜ್ 1998ರಲ್ಲಿ ಪ್ರಕಟಿಸಿದ ಪ್ರಬಂಧವು ವಿದ್ವತ್ ಲೋಕದ ಉಲ್ಲೇಖ ಪದ್ಧತಿಯಿಂದಲೇ ಪ್ರೇರಣೆ ಪಡೆದದ್ದು. ಹೆಚ್ಚು ಜನ ಉಲ್ಲೇಖಿಸಿದ ಲೇಖನಕ್ಕೆ ಹೆಚ್ಚು ಮನ್ನಣೆಯಿರುವಂತೆ, ಹೆಚ್ಚು ಪುಟಗಳು ಕೊಂಡಿ ನೀಡಿದ ಪುಟಕ್ಕೆ ಹೆಚ್ಚು ತೂಕ; ಕೊಂಡಿ ನೀಡಿದವರ ತೂಕವೂ ಅದಕ್ಕೆ ಸೇರುತ್ತದೆ. ಅದೇ ಪ್ರಬಂಧದಲ್ಲಿ ಅವರು ಜಾಹೀರಾತಿನ ಹಣದಿಂದ ನಡೆಯುವ ಶೋಧಯಂತ್ರಗಳು ಓದುಗನಿಗಿಂತ ಜಾಹೀರಾತುದಾರನ ಕಡೆಗೆ ವಾಲುತ್ತವೆ ಎಂದು ಎಚ್ಚರಿಸಿದ್ದರು. 2000ದ ಅಕ್ಟೋಬರ್ ವೇಳೆಗೆ ಅವರ ಸಂಸ್ಥೆಯೇ ಕೀಲಿಪದಗಳಿಗೆ ಜಾಹೀರಾತು ಮಾರುವ ವ್ಯವಸ್ಥೆಯನ್ನು ಆರಂಭಿಸಿತು. ಅಲ್ಲಿಂದ ಮುಂದೆ ಉಲ್ಲೇಖವನ್ನು ಕೊಳ್ಳುವ, ಬಾಡಿಗೆಗೆ ಪಡೆಯುವ, ತಾವೇ ಹುಟ್ಟಿಸುವ ಸಂತೆ ನೆರೆಯಿತು. 2006ರಲ್ಲಿ ಬಿಎಂಡಬ್ಲ್ಯು ಕಾರು ಸಂಸ್ಥೆಯ ಜರ್ಮನ್ ಜಾಲತಾಣವನ್ನು ಗೂಗಲ್ ಕೆಲವು ದಿನ ತನ್ನ ಸೂಚಿಯಿಂದಲೇ ಹೊರಗಿಟ್ಟಿತ್ತು. ಯಂತ್ರಕ್ಕೆ ಒಂದು ಪುಟ, ಮನುಷ್ಯನಿಗೆ ಬೇರೊಂದು ಪುಟ ತೋರಿಸಿದ್ದು ಅದರ ಅಪರಾಧ.

ಹಾಗಾದರೆ ಹಣ ಕೊಟ್ಟು ಮೇಲಿನ ಸ್ಥಾನವನ್ನು ನೇರವಾಗಿಯೇ ಕೊಳ್ಳಬಾರದೇಕೆ? ಪ್ರವೇಶಾತಿಯ ಕಾಲದಲ್ಲಿ ತಾಲೂಕು ಕೇಂದ್ರಗಳ ಕಾಲೇಜುಗಳು ಕೂಡ ಈ ದಾರಿ ಹಿಡಿಯುವ ಆಲೋಚನೆ ಮಾಡುತ್ತಿರುವುದರಿಂದ ಇದಕ್ಕೆ ಉತ್ತರ ಬೇಕು. ಈಬೇ ಸಂಸ್ಥೆಯು 2012ರಲ್ಲಿ ಅಮೆರಿಕದಲ್ಲಿ ತನ್ನ ಹೆಸರಿನ ಕೀಲಿಪದಗಳಿಗೆ ಕೊಡುತ್ತಿದ್ದ ಜಾಹೀರಾತನ್ನು ಕೆಲವು ಶೋಧಯಂತ್ರಗಳಲ್ಲಿ ನಿಲ್ಲಿಸಿ ನೋಡಿತು. ನಿಂತುಹೋದ ಭೇಟಿಗಳಲ್ಲಿ ಶೇ. 99ಕ್ಕೂ ಹೆಚ್ಚು ಭಾಗ ಅದೇ ಪುಟದ ಉಚಿತ ಫಲಿತಾಂಶದ ಮೂಲಕ ಮರಳಿ ಬಂದಿತು. ಬ್ಲೇಕ್, ನಾಸ್ಕೊ, ಟ್ಯಾಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಈ ಅಧ್ಯಯನವು, ಸಂಸ್ಥೆಯನ್ನು ಅಷ್ಟಾಗಿ ಅರಿಯದ ಹೊಸಬರ ಮೇಲೆ ಮಾತ್ರ ಜಾಹೀರಾತು ಪರಿಣಾಮ ಬೀರುತ್ತದೆಂದು ತೋರಿಸಿತು. ಹಾನಗಲ್ಲಿನ ಒಂದು ಕಾಲೇಜಿನ ಹೆಸರನ್ನೇ ಬರೆದು ಹುಡುಕುವ ಹುಡುಗ ಆಗಲೇ ಅದರ ಬಾಗಿಲಿಗೆ ಬಂದವನು. ಅವನ ಕ್ಲಿಕ್ಕಿಗೆ ಹಣ ತೆತ್ತು, ಕ್ಲಿಕ್ಕುಗಳನ್ನೆಣಿಸಿ, ಜಾಹೀರಾತು ಫಲಿಸಿತು ಎನ್ನುವುದು ಜಾತ್ರೆಗೆ ಬಂದವರ ಕೈಗೆ ಕರಪತ್ರ ಹಂಚಿ, ಕರಪತ್ರದಿಂದಲೇ ಜಾತ್ರೆ ಕೂಡಿತು ಎಂದಂತೆ. (ನ್ಯಾಕ್ ಸಮಿತಿಯ ಮುಂದಿಡಲು ಇಂತಹ ಅಂಕಿಸಂಖ್ಯೆಗಳು ಚೆನ್ನಾಗಿ ಒಪ್ಪುತ್ತವೆ ಎಂಬುದು ಬೇರೆ ಮಾತು.)

ಬೇರೆಯವರ ಹೆಸರಿನ ಮೇಲೆ ಜಾಹೀರಾತು ಕೊಳ್ಳುವುದು ಇನ್ನೂ ಸೂಕ್ಷ್ಮವಾದ ಸಂಗತಿ. ದೆಹಲಿ ಉಚ್ಚ ನ್ಯಾಯಾಲಯವು 2023ರ ಆಗಸ್ಟ್‌ನಲ್ಲಿ, ವ್ಯಾಪಾರಮುದ್ರೆಯನ್ನು ಜಾಹೀರಾತಿನ ಕೀಲಿಪದವಾಗಿಸುವುದು ಆ ಮುದ್ರೆಯ ಬಳಕೆಯೇ ಹೌದು, ಆದರೆ ಗೊಂದಲ ಹುಟ್ಟಿಸದಿದ್ದರೆ ಅಷ್ಟಕ್ಕೇ ಅದು ಉಲ್ಲಂಘನೆಯಾಗದು ಎಂಬ ನಿಲುವು ತಳೆಯಿತು. ನೆರೆಯ ಬ್ಯಾಡಗಿಯ ಮೆಣಸಿನಕಾಯಿಗೂ 2011ರಿಂದ ಭೌಗೋಳಿಕ ಸೂಚಕದ ರಕ್ಷಣೆಯಿದೆ. ಸರ್ವಜ್ಞ, ಕನಕ, ಶರೀಫ ಎಂಬ ಹೆಸರುಗಳಿಗೆ ಅಂಥ ರಕ್ಷಣೆಯಿಲ್ಲ, ಇರಲೂ ಬಾರದು. ಆ ಹೆಸರುಗಳನ್ನು ಕಾಯುವ ಕೆಲಸ ಗ್ರಂಥಸಂಪಾದನೆಯದು, ಎಂದರೆ ನಮ್ಮದು.

ಆದರೆ ನಮ್ಮ ಬರಹಗಳು ಶೋಧಯಂತ್ರದ ಕಣ್ಣಿಗೆ ಬೀಳುತ್ತಿವೆಯೆ? ಕನ್ನಡ ಲಿಪಿಯು 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆಯಿತು. ಆದರೂ ಬಹುಕಾಲ ನಮ್ಮ ಪತ್ರಿಕೆಗಳೂ ಮಹಾಪ್ರಬಂಧಗಳೂ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತಕ್ರಮದಲ್ಲಿಯೇ ಅಚ್ಚಾದವು. ಅವುಗಳ ಪಿಡಿಎಫ್ ಪ್ರತಿಯನ್ನು ಜಾಲಕ್ಕೇರಿಸಿದಾಗ ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವುದು ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಶೋಧಗಂಗಾದಲ್ಲಿರುವ ಹಲವು ಕನ್ನಡ ಮಹಾಪ್ರಬಂಧಗಳು ಬರಿಯ ಪುಟಚಿತ್ರಗಳು. ಹತ್ತು ವರ್ಷ ದುಡಿದು ಬರೆದ ಪ್ರಬಂಧ ಹೀಗೆ ಕತ್ತಲಲ್ಲಿರುವಾಗ, ಹತ್ತು ನಿಮಿಷದಲ್ಲಿ ಹೊಸೆದ ಪುಟ ಮೊದಲ ಸ್ಥಾನದಲ್ಲಿದ್ದರೆ ಯಂತ್ರವನ್ನು ಮಾತ್ರ ದೂರುವುದು ನ್ಯಾಯವಲ್ಲ.

ಊರ ಹೆಸರುಗಳ ಸಮಸ್ಯೆ ಇದಕ್ಕಿಂತ ಸ್ವಾರಸ್ಯಕರವಾದುದು. ಶಾಸನಗಳ ಪಾನುಂಗಲ್ಲೇ ಇಂದಿನ ಹಾನಗಲ್ಲು. ಪಕಾರ ಹಕಾರವಾದುದನ್ನು ನಾವು ಮೊದಲ ವರ್ಷದ ವಿದ್ಯಾರ್ಥಿಗೂ ಕಲಿಸುತ್ತೇವೆ, ಯಂತ್ರಕ್ಕೆ ಯಾರೂ ಕಲಿಸಿಲ್ಲ. 'ಪಾನುಂಗಲ್ ಐನೂರು' ಕುರಿತ ಲೇಖನದಲ್ಲಿ ಹಾನಗಲ್, ಹಾನಗಲ್ಲ ಎಂಬ ರೂಪಗಳು ಎಲ್ಲಿಯೂ ಬಾರದಿದ್ದರೆ ಆ ಊರಿನ ಶಿಕ್ಷಕನಿಗೇ ಅದು ಸಿಗಲಾರದು. ಶಿಗ್ಗಾವಿಯನ್ನು ಶಿಗ್ಗಾಂವ, ಶಿಗ್ಗಾಂವಿ ಎಂದೂ ಬರೆಯುವವರಿದ್ದಾರೆ. ಸವಣೂರೆಂಬ ಊರು ದಕ್ಷಿಣ ಕನ್ನಡದಲ್ಲಿಯೂ ಇದೆ. ನವಾಬರ ಸವಣೂರೆಂದೋ, ವಿ. ಕೃ. ಗೋಕಾಕರ ಹುಟ್ಟೂರೆಂದೋ ಬಿಡಿಸಿ ಹೇಳದಿದ್ದರೆ ಎರಡೂ ಕಲೆಸಿಹೋಗುತ್ತವೆ. ಅಲ್ಲಿನ ದೊಡ್ಡಹುಣಸೆ ಮರಗಳನ್ನು ಸಸ್ಯಶಾಸ್ತ್ರಜ್ಞರು ಬಾವೊಬಾಬ್ ಎಂಬ ಹೆಸರಿನಲ್ಲಿ ಹುಡುಕುತ್ತಾರೆ, ಊರವರು ದೊಡ್ಡಹುಣಸೆ ಎಂದೇ ಹುಡುಕುತ್ತಾರೆ. ಇಂತಹ ರೂಪಾಂತರಗಳನ್ನು ಬರಹದ ಆರಂಭದ ಸಾರಾಂಶದಲ್ಲಿ ಒಮ್ಮೆ ಸೇರಿಸುವುದು ಸಹ ಎಸ್‌ಇಒ ಕೆಲಸವೇ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅದೇ ಹೆಸರನ್ನು ಅಪ್ರಸ್ತುತವಾದ ಕಡೆಯೂ ನಲವತ್ತು ಸಲ ತುರುಕುವುದು ಬೇರೆ.

ಇವೆರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದಕ್ಕೆ ನಾವು ಹೊರಗಿನ ನೀತಿಸಂಹಿತೆಯನ್ನು ಹುಡುಕಬೇಕಾಗಿಲ್ಲ. ನಮ್ಮ ಹಸ್ತಪ್ರತಿ ಸೂಚಿಗಳೇ ಸಾಕು. ಸೂಚಿಕಾರನು ಓಲೆಗರಿಯ ಕಟ್ಟನ್ನು ಬಿಚ್ಚಿ ಗರಿಗಳನ್ನೆಣಿಸುತ್ತಾನೆ, ಆದಿ ಅಂತ್ಯಗಳನ್ನು ಬರೆದುಕೊಳ್ಳುತ್ತಾನೆ, ಕೃತಿಯ ಬೇರೆ ಹೆಸರುಗಳನ್ನು ಸೂಚಿಸುತ್ತಾನೆ, ಹುಳು ತಿಂದಿದ್ದರೆ ಹಾಗೆಂದೇ ನಮೂದಿಸುತ್ತಾನೆ, ಅರ್ಧವಿದ್ದರೆ 'ಅಸಮಗ್ರ' ಎನ್ನುತ್ತಾನೆ. ಆ ಒಂದು ಪದದಿಂದ ಓದುಗ ದೂರ ಹೋಗಬಹುದೆಂದು ಅವನಿಗೆ ಗೊತ್ತು. ಆದರೂ ಬರೆಯುತ್ತಾನೆ, ಏಕೆಂದರೆ ಬೇಕಾದವನನ್ನು ಕರೆತರುವಷ್ಟೇ ಬೇಡದವನನ್ನು ಕಳಿಸುವುದೂ ಸೂಚಿಯ ಕೆಲಸ. ಕ್ಲಿಕ್ಕಿಗೆ ಬೆಲೆ ಕಟ್ಟುವ ವ್ಯವಸ್ಥೆಯಲ್ಲಿ ಈ ಎರಡನೆಯ ಕೆಲಸಕ್ಕೆ ಕಾಸಿಲ್ಲ. ಸಂಬಳ ಪಡೆಯುವ ಅಧ್ಯಾಪಕರಿಗೆ ಆ ಕಾಸಿನ ಹಂಗೂ ಇಲ್ಲ.

2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿಯೇ ಇದೆ. ಈ ನಾಲ್ಕು ತಾಲೂಕುಗಳ ಪದವಿ ಕಾಲೇಜುಗಳ ಕನ್ನಡ ಅಧ್ಯಾಪಕರೊಂದಿಗೆ ಸೇರಿ ಅದು ಕೈಗೊಳ್ಳಬಹುದಾದ ಮೊದಲ ಕೆಲಸವೆಂದರೆ, ಹಾಡು, ಶಾಸನ, ಸ್ಥಳನಾಮಗಳ ಕುರಿತು ಈಗಾಗಲೇ ಅಚ್ಚಾದ ಲೇಖನಗಳನ್ನು ಲೇಖಕರ ಒಪ್ಪಿಗೆ ಪಡೆದು ಯೂನಿಕೋಡಿಗೆ ತಂದು, ಪ್ರತಿಯೊಂದಕ್ಕೂ ಸೂಚಿಕಾರನ ಮಾದರಿಯ ಸಾರಾಂಶ ಬರೆಯುವುದು. ಒಂದು ಜಾಹೀರಾತು ಅಭಿಯಾನದ ಹಣದಲ್ಲಿ ಬೆರಳಚ್ಚುಗಾರರ ಕೆಲವು ತಿಂಗಳ ಸಂಬಳ ಹೊರಡುತ್ತದೆ.

ಕಷ್ಟ ಬರುವುದು ಸರ್ವಜ್ಞನ ಪುಟಕ್ಕೆ ಬಂದಾಗ. ಅವನ ಹುಟ್ಟೂರು ಯಾವುದೆಂದು ಕೇಳುವವನಿಗೆ ಶೋಧಯಂತ್ರವು ಒಂದು ಸಾಲಿನ ಉತ್ತರವನ್ನು ಬಯಸುತ್ತದೆ. ಅಬಲೂರು, ಮಾಸೂರು ಎರಡೂ ಹಳೆಯ ಹಿರೇಕೆರೂರು ತಾಲೂಕಿನ ಊರುಗಳೇ. ಎರಡರ ಪರವಾಗಿಯೂ ವಾದಗಳಿವೆ. ಆ ವಾದಗಳಿಗೆ ಆಧಾರವಾದ ಆತ್ಮವೃತ್ತದ ತ್ರಿಪದಿಗಳನ್ನೇ ಪ್ರಕ್ಷಿಪ್ತವೆಂದು ಶಂಕಿಸಿದವರೂ ಇದ್ದಾರೆ. ಒಂದೇ ಊರನ್ನು ಹೆಸರಿಸಿದ ಪುಟ ಮೇಲೇರುವ ಸಂಭವ ಹೆಚ್ಚು, ಮೂರು ಮಾತನ್ನೂ ಹೇಳಿದ ಪುಟ ಕೆಳಗುಳಿಯುವ ಸಂಭವ ಹೆಚ್ಚು. ವಿಭಾಗದ ಪುಟ ಮೂರನ್ನೂ ಹೇಳಬೇಕು, ಐದನೆಯ ಸ್ಥಾನದಲ್ಲಿ ನಿಂತರೂ ಸರಿ.