ಹೊಳೆಯಲ್ಲಿ ಮೀನು ಸತ್ತರೆ ವಿಷವೇ ಕಾರಣವೇ? ತಳದ ಕೆಸರನ್ನೂ ಕೇಳಿ ನೋಡೋಣ

ಬೇಸಿಗೆಯಲ್ಲಿ ಹೊಳೆಯ ಮೀನು ಸತ್ತು ತೇಲಿದರೆ ಮೊಬೈಲ್‌ಗೆ ಬರುವ ಮೊದಲ ಸಂದೇಶ: ‘ಯಾರೋ ವಿಷ ಹಾಕಿದ್ದಾರೆ, ಎಲ್ಲರಿಗೂ ಕಳುಹಿಸಿ’. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದವರಿಗೆ ಕೃಷ್ಣೆ, ನಿಪ್ಪಾಣಿಯವರಿಗೆ ವೇದಗಂಗಾ, ದೂಧಗಂಗಾ. ಹೊಳೆ ಯಾವುದಾದರೂ ಸಂದೇಶ ಒಂದೇ. ಇದು ಎಷ್ಟು ನಿಜ?

ವಿಷದಿಂದ ಮೀನು ಸಾಯಬಹುದು. ಆದರೆ ವಿಷವಿಲ್ಲದೆ, ಉಸಿರುಕಟ್ಟಿಯೂ ಸಾಯುತ್ತದೆ.

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಮೀನುಗಾರಿಕೆಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆನ್ನುತ್ತದೆ ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿ. ಬ್ಯಾರೇಜ್ ಹಿಂದೆ ನೀರು ನಿಂತಾಗ ಚರಂಡಿ ನೀರು, ಕೊಳೆತ ಪಾಚಿ, ಕಾರ್ಖಾನೆಯ ತ್ಯಾಜ್ಯ ತಳಕ್ಕೆ ಇಳಿಯುತ್ತವೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೇ ಬಳಸುತ್ತವೆ. ಕಪ್ಪು ರಾಡಿ, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಅಲ್ಲಿ ಆಮ್ಲಜನಕ ಮುಗಿದಿದೆ ಎಂದರ್ಥ.

ಇದನ್ನು ಅಳೆಯುವುದು ಹೇಗೆ? ಕೂದಲಿಗಿಂತ ತೆಳ್ಳಗಿನ ತುದಿಯ ಸಂವೇದಕವನ್ನು ಕೆಸರಿಗೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಡೆನ್ಮಾರ್ಕ್‌ನ ವಿಜ್ಞಾನಿಗಳು 1980ರ ಹೊತ್ತಿಗೇ ಸಮುದ್ರದ ಕೆಸರಿನಲ್ಲಿ ಹೀಗೆ ಅಳೆದಿದ್ದರು. ಹೊಲಸು ಹೆಚ್ಚಿರುವ ಕಡೆ ಕೆಲವೇ ಮಿಲಿಮೀಟರ್ ಆಳದಲ್ಲಿ ಆಮ್ಲಜನಕ ಖಾಲಿಯಾಗುತ್ತದೆ. ಇನ್ನೊಂದು ವಿಧಾನದಲ್ಲಿ, ಕೆಸರನ್ನು ಮೇಲಿನ ನೀರಿನ ಸಮೇತ ಪಾರದರ್ಶಕ ಕೊಳವೆಯಲ್ಲಿ ಮುಚ್ಚಿಡುತ್ತಾರೆ. ಕತ್ತಲಲ್ಲಿ ಆಮ್ಲಜನಕ ಇಳಿದಷ್ಟು ಅಲ್ಲಿನ ಜೀವಿಗಳ ಉಸಿರಾಟ. ಬೆಳಕಿನಲ್ಲಿ ಏರಿದಷ್ಟು ಪಾಚಿಯ ಉಳಿತಾಯ. ಎರಡನ್ನೂ ಕೂಡಿದರೆ ಒಟ್ಟು ಉತ್ಪಾದನೆ. ಹೊಳೆ ಗಳಿಸಿದ್ದೆಷ್ಟು, ಖರ್ಚು ಮಾಡಿದ್ದೆಷ್ಟು ಎಂಬ ಲೆಕ್ಕ ಇದು.

ಹಾಗಾಗಿ ಮಧ್ಯಾಹ್ನ ಮೇಲ್ಮೈ ನೀರು ಮಾತ್ರ ಪರೀಕ್ಷಿಸಿ ‘ಆಮ್ಲಜನಕ ಚೆನ್ನಾಗಿದೆ’ ಎಂದರೆ ಸಾಲದು. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೂ ಬಳಸುತ್ತದೆ. ಸಾಮಾನ್ಯವಾಗಿ ಬೆಳಗಿನ ಜಾವವೇ ಕೊರತೆ ಹೆಚ್ಚು. ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಆಗಲೇ.

‘ವಿಷವಲ್ಲ’ ಎಂದಾಕ್ಷಣ ಯಾರ ತಪ್ಪೂ ಇಲ್ಲ ಎಂದಲ್ಲ. ಆಮ್ಲಜನಕ ತಿನ್ನುವ ಹೊಲಸು ಹೊಳೆಗೆ ಬಂದಿದ್ದಾದರೂ ಎಲ್ಲಿಂದ? ‘ವಿಷ’ ಎಂಬ ಫಾರ್ವರ್ಡ್ ಒಬ್ಬ ಅಪರಿಚಿತನ ಮೇಲೆ ಸಿಟ್ಟು ತಿರುಗಿಸಿ ಈ ಪ್ರಶ್ನೆಯನ್ನೇ ಮರೆಸುತ್ತದೆ.

ನಮ್ಮ ಸಲಹೆ ಇಷ್ಟೆ: ಸತ್ತ ಮೀನು ತಿನ್ನಬೇಡಿ, ಮಾರಬೇಡಿ. ಸ್ಥಳ, ಸಮಯ ಸಹಿತ ಫೋಟೋ ತೆಗೆದು ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ತಿಳಿಸಿ. ನೀರು, ಮೀನು, ಕೆಸರು ಮೂರನ್ನೂ ಪರೀಕ್ಷಿಸಲು ಕೇಳಿ. ವರದಿ ಬರುವವರೆಗೆ ಫಾರ್ವರ್ಡ್ ನಿಮ್ಮಲ್ಲೇ ನಿಲ್ಲಲಿ.