ಆ ಆರು ಗಂಟೆಗಳ ಲೆಕ್ಕ ಕೊಡುವವರು ಯಾರು?

1918ರ ನವೆಂಬರ್ 11ರ ಬೆಳಗಿನ ಜಾವ, ಫ್ರಾನ್ಸಿನ ಕಾಂಪಿಯೇನ್ ಕಾಡಿನಲ್ಲಿ ನಿಂತಿದ್ದ ಒಂದು ರೈಲು ಡಬ್ಬಿಯೊಳಗೆ, ಮೊದಲನೆಯ ಮಹಾಯುದ್ಧವನ್ನು ನಿಲ್ಲಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಆಗ ಗಂಟೆ ಐದು ದಾಟಿತ್ತು. ಗುಂಡು ನಿಲ್ಲಬೇಕಾದದ್ದು ಹನ್ನೊಂದಕ್ಕೆ. ನಡುವೆ ಉಳಿದದ್ದು ಆರು ಗಂಟೆಯ ಹೊತ್ತು.

ಆ ಒಂದು ದಿನ ಪಶ್ಚಿಮ ರಣರಂಗದಲ್ಲಿ ಎರಡೂ ಕಡೆಯಿಂದ ಸತ್ತವರು ಸುಮಾರು 2,700 ಮಂದಿ. ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿದರೆ ಸುಮಾರು 11,000 ಎಂದು ಇತಿಹಾಸಕಾರರ ಅಂದಾಜು. ಗೆಲ್ಲಬೇಕಾದದ್ದು ಏನೂ ಉಳಿದಿರಲಿಲ್ಲ. ತಾವು ಹಿಡಿದಿದ್ದ ಫ್ರಾನ್ಸ್, ಬೆಲ್ಜಿಯಂಗಳ ನೆಲವನ್ನೆಲ್ಲ ಜರ್ಮನರು 15 ದಿನಗಳೊಳಗೆ ತೆರವು ಮಾಡಬೇಕೆಂದು ಒಪ್ಪಂದದಲ್ಲೇ ಬರೆದಿತ್ತು. ಆ ಬೆಳಿಗ್ಗೆ ರಕ್ತ ಸುರಿಸಿ ಹಿಡಿದ ಹಳ್ಳಿಗಳಿಗೆ ಎರಡು ವಾರ ತಡೆದಿದ್ದರೆ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ನಡೆದುಹೋಗಬಹುದಿತ್ತು.

ಹಾಗಾದರೆ ಅವರು ಸತ್ತದ್ದು ಏತಕ್ಕೆ? ಈ ಪ್ರಶ್ನೆ ಕೇಳದೆ ಪ್ರತಿ ವರ್ಷ ನವೆಂಬರ್ 11ರಂದು ಎರಡು ನಿಮಿಷ ಮೌನ ಆಚರಿಸುವವರ ಮೇಲೆ ನಮ್ಮ ತಕರಾರಿದೆ. ಮೌನ ಸತ್ತವರಿಗೆ ಗೌರವವಾದೀತು. ಸಾಯಲು ಕಳಿಸಿದವರಿಗೆ ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ನಡೆದದ್ದನ್ನು ನೋಡೋಣ. ಅಮೆರಿಕದ 89ನೆಯ ಡಿವಿಷನ್ನಿನ ಸೇನಾಪತಿ ರೈಟ್, ಸ್ತೆನೇ ಎಂಬ ಊರನ್ನು ಹಿಡಿಯಲು ಅಪ್ಪಣೆ ಮಾಡಿದ. ಊರಿನಲ್ಲಿ ಸ್ನಾನದ ಅನುಕೂಲವಿದೆ, ತನ್ನ ದಣಿದ ಪಡೆಗೆ ಅದು ಬೇಕು ಎಂಬುದು ಅವನು ಕೊಟ್ಟ ಕಾರಣ. ಆ ಸ್ನಾನಕ್ಕಾಗಿ ಸತ್ತವರು, ಗಾಯಗೊಂಡವರು ಸುಮಾರು 300 ಮಂದಿ.

ಬಾಲ್ಟಿಮೋರಿನ ಬ್ಯಾಂಕ್ ಗುಮಾಸ್ತ ಹೆನ್ರಿ ಗುಂಥರ್ ಸಾರ್ಜೆಂಟ್ ಆಗಿದ್ದವನು. ದಂಡಿನ ಕಷ್ಟಗಳನ್ನು ಊರಿನ ಗೆಳೆಯನಿಗೆ ಕಾಗದದಲ್ಲಿ ಬರೆದ ಎಂದು ಅವನನ್ನು ಸಾಮಾನ್ಯ ಸಿಪಾಯಿಯ ದರ್ಜೆಗೆ ಇಳಿಸಿದ್ದರು. 10 ಗಂಟೆ 59 ನಿಮಿಷಕ್ಕೆ ಅವನು ಜರ್ಮನರ ಮೆಷಿನ್‌ಗನ್ನಿನ ಕಡೆ ನುಗ್ಗಿದ. ಹಿಂದೆ ಹೋಗು ಎಂದು ಜರ್ಮನ್ ಸಿಪಾಯಿಗಳೇ ಕೈ ಬೀಸಿದರು. ಹೋಗಲಿಲ್ಲ, ಸತ್ತ. ಕಿತ್ತುಕೊಂಡ ದರ್ಜೆಯನ್ನು ಸತ್ತ ಮೇಲೆ ಹಿಂದಕ್ಕೆ ಕೊಟ್ಟರು.

ಫ್ರಾನ್ಸಿನ ಕುರಿ ಕಾಯುವವ ಅಗುಸ್ತಿನ್ ತ್ರೆಬುಶೋನ್ ದಂಡಿನಲ್ಲಿ ಓಲೆಕಾರ. ಹನ್ನೊಂದೂವರೆಗೆ ಊಟಕ್ಕೆ ಸೇರಬೇಕೆಂಬ ಸುದ್ದಿ ಒಯ್ಯುತ್ತಿದ್ದಾಗ, ಹನ್ನೊಂದಕ್ಕೆ ಹತ್ತು ಹದಿನೈದು ನಿಮಿಷ ಇರುವಾಗ ಅವನಿಗೆ ಗುಂಡು ಬಿತ್ತು. ಅವನ ಗೋರಿಯ ಮೇಲೆ ಬರೆದದ್ದು ನವೆಂಬರ್ 10 ಎಂದು. ಯುದ್ಧ ಮುಗಿದ ದಿನ ಸತ್ತ ಎನ್ನಲು ಸರಕಾರಕ್ಕೆ ನಾಚಿಕೆ! ಕಾಗದದ ಮೇಲೆ ಜಮೀನಿನ ಒಡೆಯನ ಹೆಸರು ತಿದ್ದುವುದನ್ನು ನಮ್ಮ ರೈತರು ಬಲ್ಲರು. ಇಲ್ಲಿ ಬಡವನ ಸಾವಿನ ತಾರೀಖನ್ನೇ ತಿದ್ದಿದರು.

ಇದಕ್ಕೂ ಸಮರ್ಥನೆ ಇಲ್ಲದಿಲ್ಲ. ನವೆಂಬರ್ 8ರಂದೇ ಜರ್ಮನ್ ನಿಯೋಗದ ಎರ್ಜ್‌ಬರ್ಗರ್, ಮಾತುಕತೆ ಮುಗಿಯುವವರೆಗಾದರೂ ಕಾದಾಟ ನಿಲ್ಲಿಸಿ ಎಂದು ಕೇಳಿಕೊಂಡಿದ್ದ. ಮಿತ್ರಪಕ್ಷದ ಮಹಾಸೇನಾಪತಿ ಫೋಶ್ ಒಪ್ಪಲಿಲ್ಲ. ಒತ್ತಡ ಸಡಿಲಿಸಿದರೆ ಶತ್ರು ಸಹಿ ಹಾಕುವುದಿಲ್ಲ ಎಂಬ ವಾದ. ವಾದಕ್ಕಾಗಿ ಒಪ್ಪೋಣ. ಸಹಿ ಬಿದ್ದ ಮೇಲೆ? ಸುದ್ದಿ ಎಲ್ಲ ಕಡೆ ಮುಟ್ಟಲು ಹೊತ್ತು ಬೇಕಿತ್ತು ಎನ್ನುತ್ತಾರೆ. ಸುದ್ದಿ ಮುಟ್ಟದವರ ಮಾತು ಬೇರೆ. ಸುದ್ದಿ ಮುಟ್ಟಿದ ಮೇಲೂ, ಗಡಿಯಾರ ಕೈಯಲ್ಲಿ ಹಿಡಿದು, ಮುಂದೆ ನುಗ್ಗಿ ಎಂದವರನ್ನು ನಾವು ಕೇಳುತ್ತಿದ್ದೇವೆ. ಅಮೆರಿಕದ ಸೇನೆಯ ಮುಖ್ಯಸ್ಥ ಪರ್ಶಿಂಗ್ ಹನ್ನೊಂದಕ್ಕೆ ಯುದ್ಧ ನಿಲ್ಲುವುದೆಂದು ತಿಳಿಸಿದನೇ ಹೊರತು ಅಲ್ಲಿಯವರೆಗೆ ಸುಮ್ಮನಿರಿ ಎನ್ನಲಿಲ್ಲ. ಕೆಲವು ಅಧಿಕಾರಿಗಳು ವಿವೇಕದಿಂದ ತಮ್ಮವರನ್ನು ತಡೆದು ಕೂರಿಸಿದರು. ಉಳಿದವರು ಕೂರಿಸಲಿಲ್ಲ. ತಡೆಯಲು ಸಾಧ್ಯವಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಮುಂದೆ ಅಮೆರಿಕದ ಕಾಂಗ್ರೆಸ್ಸಿನ ಸಮಿತಿ ವಿಚಾರಣೆ ನಡೆಸಿತು. ಸೇನಾಪತಿಗಳು ಬಂದು ಸಾಕ್ಷಿ ಹೇಳಿದರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಬರ್ಲಿನ್ನಿನವರೆಗೆ ಬಡಿದಟ್ಟಿದ್ದರೆ ಹಿಟ್ಲರ್ ಹುಟ್ಟುತ್ತಿರಲಿಲ್ಲ ಎಂದು 1939ರ ನಂತರ ಹೇಳುವವರು ಹೊರಟರು. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಸ್ನಾನದ ಮನೆಗಾಗಿ ಸತ್ತವರು ಯಾವ ಹಿಟ್ಲರನನ್ನು ತಡೆದರು?

ನಿಜವಾಗಿ ಯುದ್ಧ ನಿಲ್ಲಿಸಿದವರು ಯಾರು? ಅಕ್ಟೋಬರ್ ಕೊನೆಯಲ್ಲಿ ಜರ್ಮನ್ ನೌಕಾಪತಿಗಳು ಸೋತ ಯುದ್ಧದಲ್ಲಿ ಮಾನ ಉಳಿಸಿಕೊಳ್ಳಲು ಕೊನೆಯ ಒಂದು ಕಾಳಗಕ್ಕೆ ಹಡಗುಗಳನ್ನು ಅಣಿಗೊಳಿಸಿದರು. ಕಲ್ಲಿದ್ದಲು ತುಂಬುವ ಕೂಲಿಗಳು ಒಲೆಗಳ ಬೆಂಕಿ ಆರಿಸಿದರು. ನಾವಿಕರು ಬರುವುದಿಲ್ಲ ಎಂದರು. ಕೀಲ್ ಬಂದರಿನಿಂದ ಆ ಬಂಡಾಯ ದೇಶವೆಲ್ಲ ಹಬ್ಬಿ, ನವೆಂಬರ್ 9ರಂದು ಕೈಸರನ ಸಿಂಹಾಸನ ಉರುಳಿತು. ಎರಡು ದಿನಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ವ್ಯರ್ಥವಾಗಿ ಸಾಯಲೊಲ್ಲೆ ಎಂದ ನಾವಿಕನದು ರಾಜದ್ರೋಹ. ವ್ಯರ್ಥವಾಗಿ ಸಾಯಿಸಿದ ಸೇನಾಪತಿಯದು ಕರ್ತವ್ಯ! ಅತ್ತೆ ಒಡೆದದ್ದು ಹಳೆ ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ.

ಹನ್ನೊಂದು ಹೊಡೆದ ಮೇಲೂ ಎಲ್ಲ ಕಡೆ ಗುಂಡು ನಿಲ್ಲಲಿಲ್ಲ. ಅದೇ ದಿನ ಉತ್ತರ ರಷ್ಯದ ದ್ವಿನಾ ನದಿಯ ದಡದ ತುಲ್ಗಾಸಿನಲ್ಲಿ, ರಷ್ಯದ ಕ್ರಾಂತಿಯ ವಿರುದ್ಧ ಇಳಿಸಿದ್ದ ಅಮೆರಿಕ, ಬ್ರಿಟನ್, ಕೆನಡಾದ ಸಿಪಾಯಿಗಳಿಗೂ ಬೋಲ್ಷೆವಿಕರಿಗೂ ಹೊಸ ಕಾಳಗ ಹತ್ತಿಕೊಂಡಿತು. ಆಫ್ರಿಕದಲ್ಲಿ ಜರ್ಮನ್ ಪಡೆ ಶಸ್ತ್ರ ಕೆಳಗಿಟ್ಟದ್ದು ನವೆಂಬರ್ 25ಕ್ಕೆ. ಆ ರಣರಂಗದಲ್ಲಿ ಬ್ರಿಟಿಷರಿಗೆ ಮೂಟೆ ಹೊತ್ತ ಆಫ್ರಿಕದ ಕೂಲಿಗಳಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಮಂದಿ ಸತ್ತರು. ತುರ್ಕಿಯೊಡನೆ ಅಕ್ಟೋಬರ್ 30ಕ್ಕೇ ಒಪ್ಪಂದವಾಗಿದ್ದರೂ ಬ್ರಿಟಿಷರು ಅದರ ನಂತರ ನಡೆದುಹೋಗಿ ಮೊಸೂಲನ್ನು ಹಿಡಿದುಕೊಂಡರು. ಅಲ್ಲಿ ಎಣ್ಣೆಯಿತ್ತು.

ಮೊಸೂಲಿಗೆ ಹೋದ ಆ ಮೆಸೊಪೊಟೇಮಿಯದ ಸೈನ್ಯದಲ್ಲಿ ಬಹುಪಾಲು ಭಾರತೀಯರು. ಪಕ್ಕದ ರಣರಂಗದಲ್ಲಿ ನಮ್ಮ ಮೈಸೂರಿನ ಕುದುರೆಪಡೆ ಜೋಧಪುರದವರೊಡನೆ ಸೆಪ್ಟೆಂಬರ್ 23ರಂದು ಹೈಫಾ ಹಿಡಿಯಿತು. ತುರ್ಕಿಯ ಒಪ್ಪಂದಕ್ಕೆ ನಾಲ್ಕೇ ದಿನ ಇರುವಾಗ ಅಲೆಪ್ಪೋ ಬಳಿಯ ಹರಿತಾನಿನಲ್ಲಿ ಮತ್ತೆ ಕುದುರೆ ಬಿಟ್ಟು ನುಗ್ಗಿ ಸತ್ತರು. ಆ ಸವಾರರ ಧೈರ್ಯ ಕಡಿಮೆಯದೆಂದು ನಾವು ಹೇಳುವುದಿಲ್ಲ. ಆದರೆ ಮೈಸೂರಿನ ಮಗನಿಗೂ ತುರ್ಕಿಯ ಸಿಪಾಯಿಗೂ ಇದ್ದ ಹಗೆಯಾದರೂ ಏನು? ಯುದ್ಧದಲ್ಲಿ ಸುಮಾರು 74,000 ಭಾರತೀಯರು ಸತ್ತರು. 1919ರ ಮಾರ್ಚಿನಲ್ಲಿ ಸಂಬಳವಾಗಿ ಬಂದದ್ದು ರೌಲಟ್ ಕಾಯಿದೆ. ಏಪ್ರಿಲ್ 13ರಂದು ಬಂದದ್ದು ಜಲಿಯನ್‌ವಾಲಾ ಬಾಗ್.

2018ರಲ್ಲಿ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರು ಸೇರಿಸಿದರು. ಹೂಹಾರ ಹಾಕುವುದಕ್ಕೆ ನಮ್ಮ ಅಡ್ಡಿಯಿಲ್ಲ. ಹಾರ ಹಾಕುವವರು ಒಂದು ಮಾತು ಹೇಳಲಿ: ಇವರನ್ನು ಕಳಿಸಿದವರು ಯಾರು, ಲಾಭ ಎಣಿಸಿಕೊಂಡವರು ಯಾರು? ಬೆಳೆ ನಷ್ಟವಾದರೆ ಪಂಚನಾಮೆ ಮಾಡುತ್ತಾರೆ. ಸೇತುವೆ ಬಿದ್ದರೆ ಇಂಜಿನಿಯರನ್ನು ಕೇಳುತ್ತಾರೆ. ಮನುಷ್ಯರು ಬಿದ್ದಾಗ ಮಾತ್ರ ಕಹಳೆ ಊದಿ ಮನೆಗೆ ಹೋಗುತ್ತಾರೆ.

ನಾಳೆ ಯಾವ ದೇಶದಲ್ಲಾದರೂ ಯುದ್ಧದ ತಮಟೆ ಬಡಿದಾಗ ದುಡಿಯುವ ಜನ ನವೆಂಬರ್ 11ರ ಆ ಆರು ಗಂಟೆಗಳನ್ನು ನೆನೆಯಬೇಕು. ಗೆಲ್ಲಲು ಏನೂ ಇಲ್ಲದಾಗಲೂ ನಮ್ಮನ್ನು ಸಾಯಲು ಕಳಿಸಬಲ್ಲವರು, ಗೆಲ್ಲಲು ಏನಾದರೂ ಇದ್ದಾಗ ನಮ್ಮ ತಲೆ ಎಣಿಸಿಯಾರೆ? ಎರಡು ನಿಮಿಷದ ಮೌನ ಸಾಕು. ನಮಗೆ ಆರು ಗಂಟೆಗಳ ಲೆಕ್ಕ ಬೇಕು.